ಉಪ್ಪಿಲ್ಲದ ಎಡೆ

ದೆವ್ವ, ಗಾಳಿ, ಮೈಮೇಲೆ ಬರುವುದು ಇಂಥದ್ದನ್ನೆಲ್ಲ ಯಾರಾದರೂ ಹೇಳಲು ಕೂತರೆ ನಾನು ಎದ್ದು ಹೋಗುತ್ತಿದ್ದವಳು. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಮಂತ್ರಿಸಿದ ನಿಂಬೆಹಣ್ಣಿನ ವಿಷಯ ಸ್ಟಾಫ್ ರೂಮಿನಲ್ಲಿ ಬಂದರೆ, "ಪಾನಕ ಮಾಡ್ಕೊಂಡು ಕುಡೀರಿ ಮೇಡಂ, ಬಿಸಿಲು ಜಾಸ್ತಿ" ಅಂದುಬಿಡುತ್ತಿದ್ದೆ. ಈಗ ನಾನು ಬದಲಾಗಿದ್ದೇನೆ ಅಂತ ತಿಳಿಯಬೇಡಿ. ಬದಲಾಗಿದ್ದರೆ ನೆಮ್ಮದಿಯಾಗಿ ಇರುತ್ತಿದ್ದೆ. ನಂಬಲೂ ಆಗದೆ ಬಿಡಲೂ ಆಗದೆ ಗಂಟಲಲ್ಲಿ ಸಿಕ್ಕಿಕೊಂಡಿರುವ ಒಂದು ಮಧ್ಯಾಹ್ನದ ಸಂಗತಿ ಇದು. ಹೌದು, ಮಟಮಟ ಮಧ್ಯಾಹ್ನ. ಇಂಥದ್ದು ರಾತ್ರಿಯೇ ಆಗಬೇಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ನಮ್ಮದು ಬಾಗಲಗುಂಟೆಯ ಹಳೇ ಒಕ್ಕಲು ಮನೆತನ. ನಾನು ಹುಡುಗಿಯಾಗಿದ್ದಾಗ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮಣ್ಣ ಕಟ್ಟಿಸಿದ ಅಪಾರ್ಟ್‌ಮೆಂಟುಗಳಿವೆ. ನಾನು ಮದುವೆಯಾದದ್ದು ಅನ್ವರ್ ಅವರನ್ನು. ಯಶವಂತಪುರದಲ್ಲಿ ಅವರದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ಮನೆ ಆರ್.ಟಿ. ನಗರದಲ್ಲಿ. ಮದುವೆಯ ವಿಷಯ ಗೊತ್ತಾದ ದಿನ ಅಣ್ಣ ನಡುಮನೆಯಲ್ಲಿ ನಿಂತು, ನೆಂಟರೆಲ್ಲ ಕೇಳುವ ಹಾಗೆ, "ನಮ್ ಪಾಲಿಗೆ ಇವಳು ಸತ್ಲು" ಅಂದ. ಅಪ್ಪ ಆಗಲೇ ತೀರಿಹೋಗಿದ್ದರು. ಅಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಒಂದು ಮಾತೂ ಆಡಲಿಲ್ಲ.

ಅಣ್ಣನಿಗೂ ನನಗೂ ಮೊದಲಿಂದಲೂ ಎಣ್ಣೆ ಸೀಗೆಕಾಯಿ. ಅವನ ಮಾತನ್ನು ಹೇಗೋ ಅರಗಿಸಿಕೊಂಡೆ. ಅರಗದೇ ಉಳಿದದ್ದು ಅಮ್ಮನ ಮೌನ. ನಾನು ಹೆತ್ತಾಗ ಅವಳು ಬರಲಿಲ್ಲ. ಫೋನ್ ಮಾಡಿದರೆ ಅತ್ತಿಗೆ ಎತ್ತಿ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದಳು. ಬಾಣಂತನ ಮಾಡಿದವರು ನಮ್ಮತ್ತೆ. ಅವರಿಗೆ ಕನ್ನಡ ಸರಿಯಾಗಿ ಬಾರದು, ನನಗೆ ಅವರ ಉರ್ದು ಅರ್ಧ ಅರ್ಥವಾಗದು, ಆದರೂ ಎಣ್ಣೆ ನೀರು ಎರೆದು ನನ್ನ ತಲೆ ಒರೆಸಿದವರು ಅವರೇ. ವರ್ಷಗಳು ಉರುಳಿ ಮಗಳು ಕಾಲೇಜು ಸೇರಿದಳು. ಅಮ್ಮನೂ ನನ್ನನ್ನು ಸತ್ತವಳು ಅಂತಲೇ ಎಣಿಸಿಬಿಟ್ಟಳಾ, ಇಲ್ಲಾ ಮಗನಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಾಳಾ? ನನಗೆ ತಿಳಿಯಬೇಕಿದ್ದದ್ದು ಇಷ್ಟೇ. ದಾಸರಹಳ್ಳಿಯಲ್ಲಿದ್ದ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಕದ್ದುಮುಚ್ಚಿ ನನಗೆ ಫೋನ್ ಮಾಡುತ್ತಿದ್ದಳು. ಕೇಳಿದರೆ, "ಅವ್ಳು ನಿನ್ ಎಸ್ರೇ ಎತ್ತಾಕಿಲ್ಲ ಕಣೇ" ಅನ್ನುತ್ತಿದ್ದಳು. ಅಷ್ಟು ಸಾಲದೆ?

ಆ ದಿನ ಮಹಾಲಯ ಅಮಾವಾಸ್ಯೆ. ಶಾಲೆಗೆ ರಜೆ. ನಮ್ಮವರಿಗೆ ಹಳೇ ಕಲ್ಲು ಕಟ್ಟಡಗಳ ಹುಚ್ಚು. ಒಂದು ಮುರಿದ ಕಂಬ ಕಂಡರೂ ಸುತ್ತು ಹಾಕಿ ಫೋಟೋ ಹಿಡಿಯಬೇಕು. ಹೆಸರಘಟ್ಟದಾಚೆ ಒಂದು ಸಣ್ಣ ಊರಿದೆ, ಹಳೇ ಕೋಟೆ ಚೌಕ ಹಾಗೇ ಉಳಿದಿದೆ ಅಂತ ಯಾರೋ ಅವರ ತಲೆಗೆ ತುಂಬಿದ್ದರು. ಬೆಳಿಗ್ಗೆ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಒಂದಷ್ಟು ನಡೆದಾಡಿ, ಅಲ್ಲಿಂದ ಆ ಊರಿಗೆ ಹೊರಟೆವು. ಊರಿನ ಹೆಸರು ಬೇಡ. ನನ್ನ ಸಂಕಟಕ್ಕೂ ಅಲ್ಲಿಯವರಿಗೂ ಸಂಬಂಧವಿಲ್ಲ.

ಚೌಕ ಚೆನ್ನಾಗಿಯೇ ಇತ್ತು. ನಡುವೆ ನಾಲ್ಕು ಕಂಬದ ಕಲ್ಲು ಮಂಟಪ, ಪಕ್ಕದಲ್ಲಿ ಅಶ್ವತ್ಥಕಟ್ಟೆ, ಸುತ್ತ ಜಗಲಿ ಇರುವ ಹಂಚಿನ ಮನೆಗಳು, ಅವುಗಳ ಹಿಂದೆ ಒಂದು ಕಲ್ಲುಗುಡ್ಡ. ನಮ್ಮವರು ಗುಡ್ಡ ಹತ್ತಿ ಅಲ್ಲಿ ಉಳಿದಿದ್ದ ಕೋಟೆಗೋಡೆ ನೋಡಿ ಇಳಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ನಾನು ಬೆಳಗಿನಿಂದ ಕಾಫಿ ಬಿಟ್ಟರೆ ಏನೂ ತಿಂದಿರಲಿಲ್ಲ, ಹೊಟ್ಟೆ ಚುರುಗುಟ್ಟುತ್ತಿತ್ತು. ಇದ್ದ ಒಂದು ಹೋಟೆಲೂ ಮುಚ್ಚಿತ್ತು. ಯಾರದಾದರೂ ಮನೆಯಲ್ಲಿ ನೀರು ಕೇಳೋಣ ಅಂತ ತಿರುಗಿ ನೋಡಿದರೆ, ಮನೆಮನೆಯ ಬಾಗಿಲೂ ಮುಚ್ಚಿದೆ, ಮನೆಯವರೆಲ್ಲ ಹೊರಗೆ ನಿಂತಿದ್ದಾರೆ. ಗಂಡಸರು, ಹೆಂಗಸರು, ಮುದುಕರು, ಎಲ್ಲರೂ ತಮ್ಮ ತಮ್ಮ ಜಗಲಿಯಲ್ಲಿ, ಗಟ್ಟಿಯಾಗಿ ಮಾತಿಲ್ಲದೆ.

"ಇದೇನು, ಊರಿಗೂರೇ ಕೀ ಕಳ್ಕೊಂಡ್‌ಬಿಟ್ಟಿದ್ಯಾ?" ಅಂದರು ನಮ್ಮವರು.

ನನಗೆ ನಗು ಬರಲಿಲ್ಲ. ಅಷ್ಟು ವರ್ಷ ನಾನು ಮರೆತೇಬಿಟ್ಟಿದ್ದೆ. ನಮ್ಮ ಕಡೆ ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಯಾರ್ಯಾರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ ಬಡಿಸಿ, ಧೂಪ ಹಾಕಿ, ಆಮೇಲೆ ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಬದುಕಿರುವವರ ಕಣ್ಣೆದುರು ಸತ್ತವರು ಉಣ್ಣುವುದಿಲ್ಲವಂತೆ. ಆ ಅಡುಗೆಯನ್ನು ಮಾಡುವಾಗ ರುಚಿ ಕೂಡ ನೋಡುವ ಹಾಗಿಲ್ಲ. ಮೊದಲ ತುತ್ತು ಅವರದು.

ಹತ್ತಿರದ ಜಗಲಿಯಲ್ಲಿ ನಿಂತಿದ್ದ ಹೆಂಗಸನ್ನು ನೀರು ಕೇಳಿದೆ. "ಈಗ ಒಳೀಕ್ ಓಗಂಗಿಲ್ಲ ಕಣವ್ವ, ಇರೀಕ್ರು ಉಣ್ತಾವ್ರೆ. ವಸಿ ಒತ್ತು ಕುಂತ್ಕಳಿ" ಅಂದಳು. ನಮ್ಮವರು ಮೇನ್ ರೋಡಿನಲ್ಲಿ ಬಾಳೆಹಣ್ಣಾದರೂ ಸಿಗುತ್ತದೇನೋ ನೋಡುತ್ತೇನೆ ಅಂತ ಹೋದರು. ನಾನು ಮಂಟಪದ ಮೆಟ್ಟಿಲ ಮೇಲೆ ಕೂತೆ.

ಈಗ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ತಲೆ ಸುತ್ತಲಿಲ್ಲ, ಕಣ್ಣು ಕತ್ತಲೆಗಟ್ಟಲಿಲ್ಲ, ಯಾರ ದನಿಯೂ ಕೇಳಲಿಲ್ಲ. ಬಾಯಲ್ಲಿ ಒಂದು ರುಚಿ ಬಂತು, ಅಷ್ಟೇ. ಮೊದಲು ಬೆಲ್ಲದ ಸಿಹಿ, ಅದರ ಹಿಂದೆಯೇ ಕರಕಲಿನ ಕಹಿ, ಆಮೇಲೆ ಮಟನ್ ಸಾರಿನ ಖಾರ. ಚಿಕ್ಕಂದಿನಲ್ಲಿ ನನ್ನದೊಂದು ಹುಚ್ಚುಚಟವಿತ್ತು. ಬಾಣಲೆಯಲ್ಲಿ ಕೊನೆಗೆ ಉಳಿದು, ಅಂಚು ಕಪ್ಪಾದ ಕಜ್ಜಾಯವೇ ನನಗೆ ಬೇಕು, ಅದನ್ನು ಮುರಿದು ಮಟನ್ ಸಾರಿನಲ್ಲಿ ಅದ್ದಿ ತಿನ್ನಬೇಕು. ಸಿಹಿಯನ್ನು ಸಾರಿನಲ್ಲಿ ಅದ್ದುವ ರಾಕ್ಷಸಿ ಅಂತ ಮನೆಯವರೆಲ್ಲ ಗೇಲಿ ಮಾಡುತ್ತಿದ್ದರು. ಅಮ್ಮ ಮಾತ್ರ ಬೈದುಕೊಂಡೇ ಒಂದು ಕಜ್ಜಾಯವನ್ನು ಬೇಕೆಂದೇ ಸೀಯಲು ಬಿಡುತ್ತಿದ್ದಳು. ಮದುವೆಯಾದ ಮೇಲೆ ನಾನದನ್ನು ಒಮ್ಮೆಯೂ ತಿಂದಿರಲಿಲ್ಲ. ಆ ರುಚಿ ಈಗ ಬಾಯಿ ತುಂಬ ಇತ್ತು. ನಾನು ಅಗಿಯುತ್ತಿದ್ದೆ. ಬಾಯಲ್ಲಿ ಏನೂ ಇಲ್ಲದೆ ದವಡೆ ಆಡುತ್ತಿತ್ತು, ನಿಲ್ಲಿಸಬೇಕು ಅಂತಲೂ ಅನ್ನಿಸಲಿಲ್ಲ. ಒಂದೇ ಕೊರತೆ, ಸಾರಿಗೆ ಉಪ್ಪಿರಲಿಲ್ಲ. ಅಯ್ಯೋ, ಉಪ್ಪು ಹಾಕಿಲ್ಲವಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡದ್ದು ಇವತ್ತಿಗೂ ಚೆನ್ನಾಗಿ ನೆನಪಿದೆ.

ಆಮೇಲೆ ಹೊಟ್ಟೆ ತುಂಬಿತು. ಮನೆಮನೆಯ ಬಾಗಿಲು ತೆರೆಯತೊಡಗಿದವು, ಜನ ಒಳಗೆ ಹೋದರು. ನಮ್ಮವರು ಬಾಳೆಹಣ್ಣು ಹಿಡಿದುಕೊಂಡು ಬಂದಾಗ ನಾನು ದೊಡ್ಡದಾಗಿ ತೇಗಿದೆ. "ನನ್ನ ಬಿಟ್ಟು ಯಾರ ಮನೇಲಿ ಊಟ ಹೊಡೆದೆ?" ಅಂತ ನಕ್ಕು ಕೈ ಹಿಡಿದರು. ನನ್ನ ಬೆರಳುಗಳನ್ನು ಮೂಗಿನ ಹತ್ತಿರ ತಂದುಕೊಂಡು, "ನಿಜವಾಗ್ಲೂ ಎಲ್ಲಿ ತಿಂದೆ?" ಅಂತ ಕೇಳಿದರು. ಬೆರಳಲ್ಲಿ ಸಾರಿನ ವಾಸನೆ ಇತ್ತು.

ವಿಜ್ಞಾನದ ಟೀಚರಿಗೆ ಕಾರಣಗಳಿಗೇನು ಬರ. ಊರಿಡೀ ಮಟನ್ ಬೆಂದಿದೆ, ಗಾಳಿ ತುಂಬ ಅದರದೇ ವಾಸನೆ, ಹಸಿದ ಹೊಟ್ಟೆ, ಹಬ್ಬದ ನೆನಪು. ದಾರಿಯುದ್ದಕ್ಕೂ ನಮ್ಮವರಿಗೆ ಇದನ್ನೇ ಪಾಠ ಮಾಡಿದೆ. ಅವರು ಹೂಂಗುಟ್ಟಿದರು. ರಾತ್ರಿ ಊಟ ಬೇಡ ಅಂದಾಗ ಮಾತ್ರ ನನ್ನ ಮುಖ ನೋಡಿದರು.

ದಸರಾ ರಜೆಯಲ್ಲಿ ಚಿಕ್ಕಮ್ಮನ ಫೋನ್ ಬಂತು. ಅದೂ ಇದೂ ಮಾತಾಡಿ, ದನಿ ತಗ್ಗಿಸಿ, "ನಿಂಗೆ ಯೋಳ್ಬಾರ್ದು ಅಂದ್ಕಂಡಿದ್ದೆ. ತಡ್ಕಳಕಾಗ್ಲಿಲ್ಲ. ಈ ಸಲ ಇರೀಕ್ರಬ್ಬದಾಗೆ ನಿಮ್ಮಮ್ಮ ನಿಂಗೂ ಎಡೆ ಇಕ್ಕವ್ಳೆ ಕಣೇ" ಅಂದಳು.

ಅವಳು ಹೇಳಿದ್ದು ಇಷ್ಟು. ಅಜ್ಜ, ಅಜ್ಜಿ, ಅಪ್ಪ, ಹೀಗೆ ಸಾಲಾಗಿ ಎಲೆ ಹಾಕಿದ ಮೇಲೆ ಅಮ್ಮ ಮೂಲೆಯಲ್ಲಿ ಇನ್ನೊಂದು ಎಲೆ ಹಾಕಿದಳಂತೆ. ಅದರ ಮೇಲೆ ಒಂದು ಕರಕಲು ಕಜ್ಜಾಯ, ಪಕ್ಕದಲ್ಲಿ ಒಂದು ಬಟ್ಟಲು ಮಟನ್ ಸಾರು. ಇದ್ಯಾರಿಗಮ್ಮ ಅಂತ ಅಣ್ಣ ಕೇಳಿದ್ದಕ್ಕೆ, "ಸತ್ಲು ಅಂತ ನೀನೇ ತಾನೆ ಅಂದಿದ್ದು? ಸತ್ತೋರ್ಗೆ ಎಡೆ ಇಕ್ದೆ ಇರಕಾಯ್ತದ?" ಅಂದಳಂತೆ. ಬಾಗಿಲು ಮುಚ್ಚಿ ಮತ್ತೆ ತೆರೆದಾಗ ಆ ಕಜ್ಜಾಯದ ಅಂಚು ಮುರಿದಿತ್ತಂತೆ. ಇಲಿ ಇರಬೇಕು ಅಂದ ಅಣ್ಣ. ಅಮ್ಮ ಎಲೆಯನ್ನು ನೋಡಿ, "ಉಂಡವ್ಳೆ ಬಿಡು" ಅಂತ ಹೇಳಿ, ಉಳಿದದ್ದನ್ನು ಬೇರೆ ಯಾರಿಗೂ ಕೊಡದೆ ತಾನೇ ಉಂಡಳಂತೆ.

ಫೋನ್ ಇಟ್ಟ ಮೇಲೆ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ನಾನಿನ್ನೂ ಉಸಿರಾಡಿಕೊಂಡು, ಬಸ್ಸಿನಲ್ಲಿ ಓಡಾಡಿಕೊಂಡು ಇದ್ದೇನೆ. ಒಂದು ದಿನ ಬಾ, ಉಂಡು ಹೋಗು ಅನ್ನಲಾರದವಳು ನನ್ನನ್ನು ಅಪ್ಪನ ಪಕ್ಕ ಸತ್ತವರ ಸಾಲಿನಲ್ಲಿ ಕೂರಿಸಿ ಬಡಿಸಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ಆ ಮನೆಯಲ್ಲಿ ನನಗೆ ಅನ್ನ ಹಾಕಲು ಅವಳಿಗೆ ಇದ್ದದ್ದು ಇದೊಂದೇ ದಾರಿಯೇನೋ. ಯಾವುದು ನಿಜ? ಮುಖ ನೋಡಿಯೇ ಕೇಳಬೇಕು ಅನ್ನಿಸಿತು.

ಮಾರನೆಯ ದಿನ ಯಾರಿಗೂ ಹೇಳದೆ ಬಾಗಲಗುಂಟೆಗೆ ಹೋದೆ. ಹಳೇ ಮನೆಯ ಬಾಗಿಲು ತೆರೆದದ್ದು ಅಮ್ಮನೇ. ಕುಗ್ಗಿಹೋಗಿದ್ದಳು, ಕಣ್ಣಿಗೆ ಪೊರೆ ಬಂದಿತ್ತು. ನನ್ನನ್ನು ನೋಡಿ ಬೆಚ್ಚಲಿಲ್ಲ, ಹೆಸರು ಹಿಡಿದು ಕೂಗಲೂ ಇಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಜಗಳವೆಲ್ಲ ನನ್ನ ಬಾಯಲ್ಲೇ ಉಳಿಯಿತು. ಹೊರಗೆ ಬಂದದ್ದು ಒಂದೇ ಮಾತು.

"ನೀನು ಸಾರಿಗೆ ಉಪ್ಪು ಹಾಕೋದು ಮರ್ತಿದ್ದೆ ಕಣಮ್ಮ."

ಅವಳು ಹೊಸ್ತಿಲ ಆಚೆಯಿಂದ ತಲೆಯಾಡಿಸಿದಳು. "ಊಂ ಕಣೇ. ಬಾಗ್ಲು ತಗ್ದು ಬಾಯಿಗ್ ಇಕ್ಕಂಡ್ಮೇಲೆ ಗೊತ್ತಾಯ್ತು" ಅಂದಳು. ನಾನು ಆ ಮಾತನ್ನು ದಿನಾ ಆಡುವವಳೇನೋ ಅನ್ನುವ ಹಾಗೆ.

ಅಷ್ಟರಲ್ಲಿ ಒಳಗಿನಿಂದ ಅಣ್ಣನ ದನಿ: "ಯಾರಮ್ಮ ಅದು?"

"ಯಾರೂ ಇಲ್ಲ ಕಣೋ" ಅಂದು ಅಮ್ಮ ನನ್ನ ಮುಖ ನೋಡುತ್ತಲೇ ಬಾಗಿಲು ಮುಚ್ಚಿದಳು. ನಾನು ಆ ಊರಿನವರ ಹಾಗೆ ಮುಚ್ಚಿದ ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದೆ. ಅವರಿಗೆ ಅದು ಮತ್ತೆ ತೆರೆಯುತ್ತದೆ ಅಂತ ಗೊತ್ತಿತ್ತು.

ಇದನ್ನು ಹೇಗೆ ಬೇಕಾದರೂ ಬಿಡಿಸಬಹುದು. ರುಚಿ ನೋಡದೆ ಮಾಡುವ ಅಡುಗೆಯಲ್ಲಿ ಉಪ್ಪು ಹೆಚ್ಚುಕಮ್ಮಿಯಾಗುವುದು ಮಾಮೂಲಿ, ನಾನು ಊಹಿಸಿದ್ದು ಕಾಕತಾಳೀಯ ಅನ್ನಬಹುದು. ಚಿಕ್ಕಮ್ಮನೇ ನನಗೆ ಹೇಳಿರಬೇಕು ಅಂತ ಅಮ್ಮ ಅಂದುಕೊಂಡಿರಬಹುದು. ಚಿಕ್ಕಮ್ಮನನ್ನು ವಿಚಾರಿಸಿದೆ. ಉಪ್ಪಿನ ಮಾತು ಆಡಿದ ನೆನಪು ಅವಳಿಗೂ ಇಲ್ಲ, ಕೇಳಿದ ನೆನಪು ನನಗೂ ಇಲ್ಲ. ಆದರೆ ಬೆರಳಿನ ವಾಸನೆಗೆ ಏನು ಹೇಳಲಿ?

ಮುಂದಿನ ವರ್ಷದ ಅಮಾವಾಸ್ಯೆಯಂದು ನಾನು ಬೆಳಗಿನಿಂದ ಉಪವಾಸವಿದ್ದೆ. ಪರೀಕ್ಷೆ ಮಾಡೋಣ ಅಂತ, ಹಾಗಂತ ನಮ್ಮವರಿಗೆ ಹೇಳಿದೆ. ಮಧ್ಯಾಹ್ನವಿಡೀ ಅಡುಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಏನೂ ಬರಲಿಲ್ಲ. ಸಿಹಿಯಿಲ್ಲ, ಕಹಿಯಿಲ್ಲ, ಬರೀ ಹಸಿವು. ಈ ವರ್ಷ ನನಗೆ ಎಲೆಯನ್ನೇ ಹಾಕಲಿಲ್ಲವೇನೋ ಅಂದುಕೊಂಡೆ. ಸತ್ತವರ ಸಾಲಿನಿಂದಲೂ ಎಬ್ಬಿಸಿದರಲ್ಲ ಅಂತ ನಾಚಿಕೆಯಿಲ್ಲದೆ ಅತ್ತೆ.

ಸಂಜೆ ಚಿಕ್ಕಮ್ಮನ ಫೋನ್ ಬಂತು. ಅಮ್ಮ ಈ ಸಲವೂ ಎಲೆ ಹಾಕಿದ್ದಳಂತೆ, ಅದೇ ಮೂಲೆಯಲ್ಲಿ, ಅದೇ ಕರಕಲು ಕಜ್ಜಾಯ.

"ನಿಮ್ಮಮ್ಮ ಒಂದ್ ಮಾತು ಕೇಳು ಅಂದವ್ಳೆ ಕಣೇ" ಅಂದಳು ಚಿಕ್ಕಮ್ಮ. "ಈ ದಪ ಉಪ್ಪು ಸರ್ಯಾಗಿತ್ತಾ ಅಂತ."

ನಾನು ಒಲೆಯ ಕಡೆ ನೋಡಿದೆ. ನಮ್ಮತ್ತೆ ನನಗೆಂದು ಮುಚ್ಚಿಟ್ಟಿದ್ದ ಅನ್ನ ಹಾಗೇ ಇತ್ತು.

"ಸರಿಯಾಗಿತ್ತು ಅಂತ ಹೇಳು ಚಿಕ್ಕಮ್ಮ."