ಬೆಲ್ಲಿನೊಳಗೆ ಬೆಳೆದವಳು

ನಮ್ಮ ದೊಡ್ಡಮ್ಮ ಅಂದ್ರೆ ನಂಗೆ ಪ್ರಾಣ. ಮನೆ ಮುಂದಿನ ರೂಮಲ್ಲೇ ಅವಳ ರಿಪೇರಿ ಅಂಗಡಿ. ಕೆಟ್ಟಿರೋ ಚಾರ್ಜರು, ಯುಪಿಎಸ್ಸು, ರೇಡಿಯೋ ಎಲ್ಲಾ ಅವಳ ಮುಂದೆ ಬಾಲ ಮುದುರ್ಕೊಂಡು ಕೂತಿರ್ತವೆ. ಝೀನರ್ ಡಯೋಡ್ ಬಗ್ಗೆ ಕೇಳಿದ್ರಂತೂ ಮುಗೀತು, ಕಾಫಿ ಆರಿ ಹೋದ್ರೂ ಮಾತು ನಿಲ್ಲಲ್ಲ.

"ಸಾದಾ ಡಯೋಡು ಕರೆಂಟನ್ನ ಒಂದೇ ಕಡೆ ಬಿಡತ್ತೆ ಕಣೋ. ಝೀನರನ್ನ ಬೇಕಂತಲೇ ಉಲ್ಟಾ ಹಾಕ್ತೀವಿ. ಅದರ ವೋಲ್ಟೇಜ್ ದಾಟ್ತು ಅನ್ನು, ಹೆಚ್ಚಿಗೆ ಬಂದಿದ್ದನ್ನ ತಾನು ನುಂಗ್ಕೊಂಡು ಹಿಂದಿರೋದನ್ನ ಕಾಪಾಡತ್ತೆ. ಐದು ವೋಲ್ಟಿಂದು ಗಟ್ಟಿ ಪಿಂಡ, ಶೆಖೆಗೂ ಅಲ್ಲಾಡಲ್ಲ. ಎರಡು ಮೂರು ವೋಲ್ಟಿಂದು ನಿಮ್ ದೊಡ್ಡಪ್ಪನ ಥರ, ಸ್ವಲ್ಪ ಬಿಸಿ ಮುಟ್ಟಿದ್ರೆ ಸಾಕು, ಜಾರತ್ತೆ."

"ನಾನಿಲ್ಲೇ ಇದೀನಿ ಕಣೇ," ಅಂತ ಒಳಗಿಂದ ದೊಡ್ಡಪ್ಪ.

ಅವರ ಮನೆ ಬೆಲ್ಲು ಮಾತಾಡತ್ತೆ. ಒತ್ತಿದ್ರೆ "ಬಂದೇ, ತಾಳ್ರೀ!" ಅನ್ನತ್ತೆ. ಅದು ಅವರ ಮಗಳ ದನಿ. ನನ್ನ ಓರಗೆಯವಳು. ಚಿಕ್ಕವಳಿದ್ದಾಗಲೇ ಜ್ವರ ಬಂದು ಹೋಗ್ಬಿಟ್ಲು. ಬೇರೆಲ್ಲೂ ಅವಳ ದನಿ ಉಳಿದಿಲ್ಲ.

ಆ ಬೆಲ್ಲಿಗೆ ಬರೋದು ಹನ್ನೆರಡು ವೋಲ್ಟ್, ಬೇಕಿರೋದು ಐದು. ಹಿಂದೆ ಯಾವಾಗ್ಲೋ ಸರಿಯಾದ ಝೀನರ್ ಸಿಗದೆ ದೊಡ್ಡಮ್ಮ ಎರಡೂವರೆಯ ಎರಡನ್ನ ಒಂದರ ಹಿಂದೊಂದು ಕೂರಿಸಿದ್ಲು. ಲೆಕ್ಕ ಸರೀನೇ. ಆದ್ರೆ ಎರಡೂ ಮೆತ್ತನೇವು. ಈ ಬೇಸಿಗೇಲಿ ವೋಲ್ಟೇಜ್ ಇಳೀತಾ ಹೋಯ್ತು, ಅದರ ಜೊತೆ ದನೀನೂ ನಿಧಾನ ಆಗ್ತಾ, ದಪ್ಪ ಆಗ್ತಾ ಬಂತು.

ಒಂದು ಮಧ್ಯಾಹ್ನ ನಾನು ಬೆಲ್ ಒತ್ತಿದೆ. ಬಾಗಿಲ ಹಿಂದೆ ನನ್ನ ವಯಸ್ಸಿನ ಹುಡುಗಿ ಒಬ್ಳು "ಬಂದೇ, ತಾಳ್ರೀ" ಅಂದ್ಲು. ಬಾಗಿಲು ಮಾತ್ರ ತೆಗೀಲಿಲ್ಲ.

ದೊಡ್ಡಮ್ಮ ಬೆಲ್ಲಿನ ಡಬ್ಬಿ ಬಿಚ್ಚಿ ನೋಡಿದ್ಲು. ಝೀನರುಗಳ ಕೆಳಗೆ ಬೋರ್ಡು ಕಪ್ಪಗಾಗಿತ್ತು.

"ಇವು ಸುಟ್ಟು ಕೈಬಿಟ್ವು ಅಂದ್ರೆ ಹನ್ನೆರಡು ವೋಲ್ಟ್ ನೇರ ಅವಳ ದನಿ ಇರೋ ಚಿಪ್ಪಿಗೆ ನುಗ್ಗತ್ತೆ. ದನಿ ಹೋಗ್ಬಿಡತ್ತೆ. ಈಗ್ಲೇ ಬದಲಾಯಿಸ್ತೀನಿ."

ದೊಡ್ಡಪ್ಪ ಅವಳ ಕೈ ಹಿಡ್ಕೊಂಡ್ರು. "ಬೇಡ ಕಣೇ. ಬೆಳೀತಾ ಇದಾಳೆ."

"ಅದು ಝೀನರ್ ರೀ."

"ಗೊತ್ತು. ಬೆಳೀಲಿ ಬಿಡು."

"ಬೆಳೆಸಕ್ಕೆ ಹೋಗಿ ಇರೋದನ್ನೂ ಕಳ್ಕೊಳ್ಳೋದಾ?"

ದೊಡ್ಡಪ್ಪ ಕೈ ಬಿಟ್ರು.

ಅವಳು ಐದು ವೋಲ್ಟಿನ ಒಂದೇ ಝೀನರ್ ಬೆಸುಗೆ ಹಾಕಿದ್ಲು. ಕೂದಲು ಒಣಗ್ಸೋ ಮಷೀನಲ್ಲಿ ಬಿಸಿ ಗಾಳಿ ಊದಿದ್ಲು. ಮೀಟರಿನ ಅಂಕಿ ಅಲ್ಲಾಡ್ಲಿಲ್ಲ. ಆಮೇಲೆ ಬೆಲ್ ಒತ್ತಿದ್ಲು.

"ಬಂದೇ, ತಾಳ್ರೀ!"

ಪುಟ್ಟ ದನಿ. ಮುಂದಿನ ಹಲ್ಲು ಬಿದ್ದಿರೋಳ ದನಿ. ದೊಡ್ಡಮ್ಮ ಇನ್ನೊಂದ್ಸಲ ಒತ್ತಿದ್ಲು.

ದೊಡ್ಡಪ್ಪ ಮೆಲ್ಲಗೆ ಕೇಳಿದ್ರು, "ಇದ್ಯಾರ ಮಗು?"

ಈಗ್ಲೂ ಬಿಸಿಲು ಏರಿದ್ರೆ ದೊಡ್ಡಪ್ಪ ಹೊರಗೆ ಹೋಗಿ ಬೆಲ್ ಒತ್ತಿ ಕಿವಿಗೊಡ್ತಾರೆ. "ಇನ್ನೂ ಸ್ವಲ್ಪ ಶೆಖೆ ಆಗ್ಬೇಕು," ಅಂತಾರೆ. ದೊಡ್ಡಮ್ಮ ಕೆಲಸ ಬಿಟ್ಟು ಎದ್ದು ಬಾಗಿಲು ತೆಗೀತಾಳೆ, "ಒಳಗೆ ಬನ್ನಿ ರೀ." ಅವರು ಅವಳ ಹೆಗಲಾಚೆ ನೋಡ್ತಾ ಅಲ್ಲೇ ನಿಂತಿರ್ತಾರೆ.