ಬೀಜ ಕೇಳಲು ಬಂದ ಅಕ್ಕ

ಈ ವ್ಯವಹಾರದಲ್ಲಿ ನನಗೆ ಬಿದ್ದ ಖರ್ಚೆಂದರೆ ಅಕ್ಕ. ಒಂದು ಸೇರು ಬೀಜ ಕೊಡಲಾಗದೆ ಅವಳನ್ನು ಕಳೆದುಕೊಂಡೆ.

ನನ್ನ ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ದುಡಿದು ಕೊಂಡ ಹೊಲ ಹರಿಹರದಾಚೆ ಸಾರಥಿಯಲ್ಲಿ. ಅಲ್ಲಿ ಊರಿನವರ ಜೊತೆ ನಾನೂ ಒಂದು ವಿದೇಶಿ ಕಂಪನಿಗೆ ಮೆಕ್ಕೆಜೋಳದ ಬೀಜ ಬೆಳೆದುಕೊಡಲು ಒಪ್ಪಿಕೊಂಡೆ. ಚೌಕಾಸಿಯಲ್ಲಿ ನಾನು ಸುಲಭಕ್ಕೆ ಸೋಲುವವನಲ್ಲ. ಹೆಣ್ಣು ಸಾಲಿನ ಗಿಡದ ತುದಿಯ ಗಂಡು ಹೂ, ಅಂದರೆ ಸೂಲಂಗಿ ಕೀಳುವ ಕೂಲಿ, ಲಾರಿ ಬಾಡಿಗೆ, ಖಾಲಿ ಚೀಲ, ಎಲ್ಲವನ್ನೂ ಕಂಪನಿಯ ತಲೆಗೇ ಕಟ್ಟಿದೆ. ಒಂದು ಮಾತಿಗೆ ಮಾತ್ರ ಅವರ ಆಫೀಸರ್ ಜಗ್ಗಲಿಲ್ಲ.

"ಮನೆಗೆ ಅಂತ ಒಂದ್ ಬೊಗಸೆನೂ ಇಟ್ಕಳಂಗಿಲ್ರಿ. ಹೊರಗೆ ಹೋತು ಅಂದ್ರೆ ನಿಮ್ದಷ್ಟೇ ಅಲ್ಲ, ಇಡೀ ಊರಿನ ಮಾಲು ಕ್ಯಾನ್ಸಲ್."

"ಹಂಗಂತ ಯಾರ್ರೀ ಹೇಳಿದ್ದು? ಕರೀರಿ, ಅವರ ಹತ್ರನೇ ಮಾತಾಡ್ತೀನಿ."

"ಅವರನ್ನ ನಾನೂ ನೋಡಿಲ್ರಿ," ಎಂದು ನಕ್ಕ.

ಎದುರಿಗೆ ಕೂರದವನ ಜೊತೆ ಚೌಕಾಸಿ ಹೇಗೆ ಮಾಡುವುದು? ಸಹಿ ಹಾಕಿದೆ.

ರಾಶಿ ಮಾಡಿದ ದಿನ, ಕೊಕ್ಕನೂರಿಗೆ ಕೊಟ್ಟ ಅಕ್ಕ ಕಣಕ್ಕೇ ಬಂದಳು. ನಮ್ಮ ಮನೆಯಲ್ಲಿ ತವರಿನ ಬೀಜವೆಂದರೆ ಹೆಣ್ಣುಮಗಳ ಹಕ್ಕು. ಅವ್ವ ಇರುವ ತನಕ ಜೋಳವೋ ಅವರೆಯೋ ಒಂದು ಗಂಟು ತಪ್ಪದೆ ಹೋಗುತ್ತಿತ್ತು. ಅಕ್ಕ ರಾಶಿಯ ಮುಂದೆ ಸೆರಗೊಡ್ಡಿದಳು.

"ಬ್ಯಾಡ ಅಕ್ಕ, ಇದು ಕಂಪನೀದು."

"ಹೊಲ ಯಾರ್ದು?"

"ನಂದು."

"ನೀರು ಕಟ್ಟಿದ್ಯಾರು?"

"ನಾನೇ."

"ಮತ್ತ ಬೀಜ ಯಾರಪ್ಪಂದೋ?"

ಕಣದಲ್ಲಿದ್ದ ಆಳುಗಳೆಲ್ಲ ನಕ್ಕರು. ನನ್ನ ವ್ಯಾಪಾರದ ಬಾಯಿ ಸುಮ್ಮನಿರಲಿಲ್ಲ. "ಮುಂಗಾರಿಗೆ ಇದೇ ಬೀಜ ಅಂಗಡಿಗೆ ಬರ್ತತೆ. ಒಂದ್ ಚೀಲ ನಾನೇ ಕೊಡಿಸ್ತೀನಿ."

"ನಾನು ತವರಿಗೆ ಬಂದೀನೋ, ಅಂಗಡಿಗೆ ಬಂದೀನೋ ತಮ್ಮಾ?" ಎಂದವಳೇ ಸೆರಗು ಕೊಡವಿ ಹೊರಟಳು.

ಬಿಳಿಯರ ಕಾಲದಲ್ಲಿ ನಮ್ಮ ಸೀಮೆಯ ಹತ್ತಿ ಹಡಗೇರಿ ಹೋಗಿ ಬಟ್ಟೆಯಾಗಿ ನಮಗೇ ಮಾರಾಟಕ್ಕೆ ಬರುತ್ತಿತ್ತೆಂದು ಅಜ್ಜ ಬಯ್ಯುತ್ತಿದ್ದ. ಹತ್ತಿ ಬಟ್ಟೆಯಾದರೂ ಆಗಿ ಬರುತ್ತಿತ್ತು. ನನ್ನ ಬೀಜ ಬೀಜವಾಗಿಯೇ ಬಂತು, ಮೈಗೆ ಔಷಧದ ಬಣ್ಣ, ಹೊರಗೆ ಮಿಂಚುವ ಚೀಲ. ಅದನ್ನೇ ನಾನೂ ಸಾಲಿನಲ್ಲಿ ನಿಂತು ಕೊಂಡೆ. ಅಕ್ಕನಿಗೆ ಕದ್ದು ಕೊಟ್ಟಿದ್ದರೂ ಒಂದೇ ಬೆಳೆ. ಅದು ಹೈಬ್ರಿಡ್, ಅದರ ಫಸಲನ್ನು ಮತ್ತೆ ಬಿತ್ತಿದರೆ ತೆನೆ ನೆಟ್ಟಗೆ ಕಟ್ಟುವುದಿಲ್ಲ. ಅವ್ವನ ಕಾಲದ ಬೀಜ ಸಿಕ್ಕೀತೆಂದು ಊರೂರು ವಿಚಾರಿಸಿದೆ. ಎಲ್ಲರೂ ನನ್ನನ್ನೇ ಕೇಳಿದರು, "ಸಿಕ್ಕರೆ ನಮಗೂ ಹೇಳ್ರಿ."

ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಹೋದೆ. ಅಕ್ಕ ಚಹಾ ಕೊಟ್ಟಳು, ಮಳೆಯ ವಿಷಯ ಮಾತಾಡಿದಳು. ಬರಲಿಲ್ಲ.

ನೀವೂ ಬೀಜದ ಕರಾರಿಗೆ ಇಳಿಯುವವರಾದರೆ ಕೂಲಿ, ಬಾಡಿಗೆಗೆ ಗಟ್ಟಿಯಾಗಿ ಜಗ್ಗಾಡಿ, ಸಿಗುತ್ತದೆ. ಬೀಜಕ್ಕಾಗಿ ಬಾಯಿ ನೋಯಿಸಿಕೊಳ್ಳಬೇಡಿ. ಸಹಿ ಹಾಕುವ ಮೊದಲೇ ಅಕ್ಕತಂಗಿಯರ ಮನೆಗೆ ಹೋಗಿ, ಈ ಸಲ ನಮ್ಮ ಹೊಲದಲ್ಲಿ ಬೆಳೆಯುವುದು ನಮ್ಮದಲ್ಲ ಎಂದು ಹೇಳಿ ಬನ್ನಿ. ರಾಶಿ ಕಣ್ಣಿಗೆ ಬಿದ್ದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.