ಅರ್ಧ ಮನೆ ಏರಿದ ಕಾಂಬೋಧಿ

"ನಾನು ಅಷ್ಟು ಅವಸರದಲ್ಲಿ ಹಾಡ್ತಿದ್ದೆನಾ ಮಾರಾಯ?"

ಶನಿವಾರ ಬೆಳಿಗ್ಗೆ ಎರ್ಮಾಳಿನಿಂದ ಫೋನು. ವಾಸು. ಕಳೆದ ವಾರ ಇದೇ ಅಂಕಣದಲ್ಲಿ ನಾನು ವಿಮರ್ಶಿಸಿದ ಹಾಡುಗಾರ. ಅವನ ಹಳೆಯ ಕ್ಯಾಸೆಟ್ಟನ್ನು ಮಣಿಪಾಲದಲ್ಲಿ ಕೆಲಸದಲ್ಲಿರುವ ಮಗಳು ಶೋಭಾ ಕಂಪ್ಯೂಟರಿಗೆ ಇಳಿಸಿ ಮರುಬಿಡುಗಡೆ ಮಾಡಿದ್ದಳು. "ಕಾಂಬೋಧಿ ರಾಗದಲ್ಲಿ ಬಸ್ಸು ಹಿಡಿಯುವ ಧಾವಂತ, ದನಿಯೂ ತೆಳು" ಎಂದು ನಾನು ಬರೆದಿದ್ದೆ. (ಓದುಗರೊಬ್ಬರು ಮೆಸೇಜು ಮಾಡಿ ಹೊಗಳಿದರು ಕೂಡ. ಖುಷಿಯಾಗಿತ್ತು.)

ಜಗಳಕ್ಕೆ ಸಿದ್ಧನಾದೆ. ಅವನು ಜಗಳ ಮಾಡಲೇ ಇಲ್ಲ.

"ನೀನು ಬರೆದ ಮೇಲೆ ಸರಿಯೇ ಇರ್ಬೇಕು. ನಿನ್ನ ಕಿವಿ ಅಲ್ವಾ? ಅದನ್ನು ತೆಗೆದುಬಿಡು ಅಂತ ಶೋಭನ ಹತ್ರ ಹೇಳಿದ್ದೇನೆ. ಇದ್ದದ್ದು ಅದೊಂದೇ ರೆಕಾರ್ಡಿಂಗು. ಈಗ ಹಾಡಿ ತೋರಿಸುವ ಅಂದ್ರೆ ಗಂಟಲೂ ಇಲ್ಲ."

ಗಂಟಲಿನ ಆಪರೇಷನ್ ಆದ ಮೇಲೆ ಅವನದು ಬರೀ ಪಿಸುಮಾತು.

ಈಗ ನಿಜ ಹೇಳುತ್ತೇನೆ. ವಾಸು ಹಾಡುತ್ತಿದ್ದುದು ಒಂದು ಮನೆ ಶ್ರುತಿಗೆ. (ಶ್ರುತಿ ಎಷ್ಟು ಎತ್ತರವೆಂದು ನಾವು ಹೇಳುವುದು ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ.) ಒಬ್ಬರೇ ಗುರುಗಳ ಮುಂದೆ ಪಕ್ಕಪಕ್ಕ ಕುಳಿತವನಿಗೆ ಅದು ತಿಳಿಯದೆ? ಮರುಬಿಡುಗಡೆಯಲ್ಲಿ ಅದು ಒಂದೂವರೆ ಮನೆಗೆ ಏರಿತ್ತು. ಟೇಪ್ ರೆಕಾರ್ಡರಿನ ಮೋಟಾರು ವೇಗವಾಗಿ ಓಡಿದರೆ ಹಾಗಾಗುತ್ತದೆ. ಹಾಡೂ ಓಡುತ್ತದೆ, ದನಿಯೂ ತೆಳುವಾಗುತ್ತದೆ. ಉಡುಪಿಯಲ್ಲಿ ವರ್ಷಗಟ್ಟಲೆ ಕ್ಯಾಸೆಟ್ ಅಂಗಡಿ ನಡೆಸಿದವನಿಗೆ ಇದು ಮೊದಲ ಸಾಲಿಗೇ ಗೊತ್ತಾಯಿತು.

ಗೊತ್ತಾಗಿಯೂ ಯಂತ್ರದ ತಪ್ಪನ್ನು ಅವನ ತಲೆಗೆ ಕಟ್ಟಿದೆ.

ಯಾಕೆ? ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ. ನಾನು ಬೆಳಿಗ್ಗೆ ಬೇಗ ಎದ್ದು ಸಾಧನೆ ಮಾಡಿ ಪಾಠಕ್ಕೆ ಹೋಗುತ್ತಿದ್ದೆ. ಅವನು ಮೀನಿನ ದೋಣಿಯಿಂದ ಇಳಿದು ನೇರ ಬರುತ್ತಿದ್ದ. "ಇನ್ನೊಮ್ಮೆ ಹಾಡು" ಎಂದು ಗುರುಗಳು ಇಬ್ಬರಿಗೂ ಹೇಳುತ್ತಿದ್ದರು. ನನಗೆ, ತಿದ್ದಲಿಕ್ಕೆ. ಅವನಿಗೆ, ಮತ್ತೆ ಕೇಳುವ ತಮ್ಮ ಆಸೆಗೆ. ಕೊನೆಗೆ ಅವನ ಕ್ಯಾಸೆಟ್ ಬಂತು, ನಾನು ಮಾರಿದೆ. (ಅಂಗಡಿಯ ಹಿಂದಿನ ಸಾಲಿನಲ್ಲಿಟ್ಟು.)

ಮರುದಿನ ಕುಕ್ಕುಂದೂರಿನ ಮನೆಯಿಂದ ಹೊರಟು, ಕಾರ್ಕಳದಲ್ಲಿ ಪಡುಬಿದ್ರಿ ಬಸ್ಸು ಹತ್ತಿದೆ. ಎರ್ಮಾಳಿನಲ್ಲಿ ಬಾಗಿಲು ತೆರೆದವಳು ಶೋಭಾ.

"ಎಂತ ಅಂಕಲ್, ಬರೀಲಿಕ್ಕೆ ಇನ್ನೂ ಬಾಕಿ ಉಂಟಾ?"

"ತಪ್ಪು ಟೇಪಿನದ್ದು ಮಗಾ. ಕಂಪ್ಯೂಟರಿನಲ್ಲಿ ಶ್ರುತಿಯನ್ನು ಒಂದು ಮನೆಗೆ ಇಳಿಸು."

"ಬರೆಯುವಾಗ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

ಅವಳು ಅಪ್ಪನನ್ನು ನೋಡಿದಳು. ವಾಸು ನನ್ನನ್ನು ನೋಡಿದ.

"ಮೊದಲು ಇಳಿಸು" ಎಂದ ಪಿಸುದನಿಯಲ್ಲಿ. "ಇವನಿಗೆ ಆಮೇಲೆ ಬೈಯುವ."

ಇಳಿಸಿದಳು. ಕಾಂಬೋಧಿ ತನ್ನ ಮನೆಗೆ ಬಂದು ಕುಳಿತಿತು. ದನಿ ತುಂಬಿಕೊಂಡಿತು. ವಾಸು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದ. ಸದ್ದಿಲ್ಲದೆ ತುಟಿಯೂ ಆಡುತ್ತಿತ್ತು.

ಕಳೆದ ವಾರದ ವಿಮರ್ಶೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ರೆಕಾರ್ಡಿಂಗು ಸರಿಯಾದ ಶ್ರುತಿಯಲ್ಲಿ ಮತ್ತೆ ಸಿಗುತ್ತದೆ. ಕೇಳಿ.

ಇನ್ನೂ ಒಂದು ಹೇಳಿಬಿಡುತ್ತೇನೆ. ನಿಧಾನವಾದಾಗಲಾದರೂ ಒಂದು ತಪ್ಪು ಸಿಕ್ಕೀತೆಂದು ನಾನು ಅಲ್ಲಿ ಕಿವಿಗೊಟ್ಟು ಕುಳಿತಿದ್ದೆ. ಸಿಗಲಿಲ್ಲ. ಇಂಥವನನ್ನು ಎಷ್ಟೂಂತ ಸಹಿಸುವುದು, ಹೇಳಿ?